ನೂರ ನಾಲ್ಕನೆಯ ಅಡಿ

ಮನುಷ್ಯನು ತನ್ನ ಬಡತನವನ್ನು ಕುರಿತು ಮಾತನಾಡಲು ನಾಚುವಷ್ಟು ಇನ್ನಾವ ವಿಷಯಕ್ಕೂ ನಾಚುವುದಿಲ್ಲ. ಮೊಣಕಾಲಿನ ನೋವನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತನಿಗೂ ಸವಿಸ್ತಾರವಾಗಿ ನಿವೇದಿಸುವ ಗೃಹಸ್ಥನು, ತನ್ನ ತಲೆಯ ಮೇಲೆ ಎಷ್ಟು ಸಾಲವಿದೆಯೆಂಬುದನ್ನು ಒಂದೇ ಒಲೆಯ ಅನ್ನವನ್ನುಣ್ಣುವ ಹೆಂಡತಿಗೂ ಬಾಯಿಬಿಟ್ಟು ಹೇಳಲಾರನು. ಹಾಗೆಂದು ಮನೆಗಳಲ್ಲಿ ಕಷ್ಟದ ಮಾತೇ ನಡೆಯದೆಂದಲ್ಲ. ನಡೆಯುತ್ತದೆ, ಆದರೆ ವೇಷ ಮರೆಸಿಕೊಂಡು ನಡೆಯುತ್ತದೆ. ಕೆಲವು ಸೀಮೆಗಳಲ್ಲಿ ಅದು ಅಡಕೆಯ ಧಾರಣೆಯ ವೇಷದಲ್ಲಿ ಬರುತ್ತದೆ. ಕೆಲವೆಡೆ, ಮಗಳ ಮದುವೆಯನ್ನು ಮುಂದಿನ ವರ್ಷಕ್ಕೆ ನೋಡಿಕೊಳ್ಳೋಣವೆಂಬ ಸುದ್ದಿಯ ವೇಷದಲ್ಲಿ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ನಾನು ಹುಟ್ಟಿ ಬೆಳೆದ ಮನೆಯಲ್ಲಿ, ಅದು ಬರುವುದು ಅಡಿಯ ಲೆಕ್ಕದಲ್ಲಿ.

ಆ ಕಣಿವೆಯಲ್ಲಿ ಕನ್ನಡದ ಮನೆಯೆಲ್ಲಿಂದ ಬಂತೆಂದು ಓದುಗರು ಕೇಳಬಹುದು. ತಮಿಳರು ಕಪ್ಪಿಲಿಯರೆಂದು ಕರೆಯುವ, ತಮ್ಮನ್ನು ತಾವು ಒಕ್ಕಲಿಗರೆಂದೇ ಹೇಳಿಕೊಳ್ಳುವ ಬೇಸಾಯಗಾರರು ಕಂಬಂ, ಬೋಡಿನಾಯಕನೂರುಗಳ ಸುತ್ತಮುತ್ತ ಶತಮಾನಗಳಿಂದ ನೆಲೆಸಿದ್ದಾರೆ. ಬಡಗಣ ಸೀಮೆಯಿಂದ, ನದಿಗಳನ್ನು ದಾಟಿ, ದನಗಳನ್ನು ಹೊಡೆದುಕೊಂಡು ಬಂದೆವೆಂಬುದು ಹಿರಿಯರ ಮಾತು. ಆ ಮಾತಿಗೆ ಸಾಕ್ಷಿಯೋ ಎಂಬಂತೆ, ಕಂಬಂ ಊರಿನಲ್ಲಿ ನಮ್ಮವರು ನಡಸಿಕೊಂಡು ಬಂದಿರುವ ತಂಬಿರಾನ್ ಮಾಡುಗಳ, ಎಂದರೆ ದೇವರ ದನಗಳ, ಹಟ್ಟಿಯೊಂದಿದ್ದು, ಮಾಟ್ಟು ಪೊಂಗಲಿನ ದಿನ ಅಲ್ಲಿಯ ಪಟ್ಟದ ಹೋರಿಗೆ ದೇವರಿಗೆ ಸಲ್ಲುವ ಪೂಜೆಯೇ ಸಲ್ಲುತ್ತದೆ. ಶಾಲೆಯಲ್ಲಿ ನಾವು ಕಲಿತದ್ದು ತಮಿಳು ಅಕ್ಷರ. ಮನೆಯಲ್ಲಿ ಆಡಿದ್ದು, ತಮಿಳಿನ ನೆರಳು ದಟ್ಟವಾಗಿ ಬಿದ್ದ, ಬರೆಹವನ್ನು ಕಾಣದ ಕನ್ನಡ. ನಾನು ಆ ಬರೆಹವನ್ನು ಕಲಿತದ್ದು ಹೊಟ್ಟೆಯ ಪಾಡಿಗಾಗಿ ಮಂಡ್ಯಕ್ಕೆ ಬಂದು ಲೆಕ್ಕಪತ್ರದ ಕೆಲಸ ಹಿಡಿದ ಮೇಲೆ.

ನಮ್ಮ ಕಣಿವೆಯ ಅಡಿಯೆಂದರೆ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿನ ಮಟ್ಟ. ಅಣೆ ಇರುವುದು ಕೇರಳದ ನೆಲದಲ್ಲಿ. ನೀರು ಘಟ್ಟವನ್ನು ಕೊರೆದ ಸುರಂಗದ ಮೂಲಕ ನಮ್ಮ ಕಡೆಗಿಳಿದು, ಮೊದಲು ಕಣಿವೆಯ 14,707 ಎಕರೆ ಇಬ್ಬೆಳೆಯ ಗದ್ದೆಗೆ ಉಣಿಸಿ, ಬಳಿಕ ವೈಗೆಯನ್ನು ಸೇರಿ ಮಧುರೆಯ ಕಡೆಗೆ ಸಾಗುತ್ತದೆ. ಮೂಲದಲ್ಲಿ 152 ಅಡಿ ನಿಲ್ಲಿಸಬಹುದಾಗಿದ್ದ ನೀರನ್ನು, ಅಣೆಯ ಭದ್ರತೆಯ ಶಂಕೆಯಿಂದ 1979ರಲ್ಲಿ 136ಕ್ಕೆ ಇಳಿಸಿದರು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು 142ಕ್ಕೆ ಏರಿಸಿಕೊಳ್ಳಲು ಅನುಮತಿಯಿತ್ತಿತು. 104 ಅಡಿಗಿಂತ ಕೆಳಗೆ ಎಷ್ಟು ನೀರಿದ್ದರೂ ಅದು ನಮ್ಮ ಪಾಲಿಗಿಲ್ಲ. ಸುರಂಗದ ಬಾಯಿಗೆ ಅದು ಎಟುಕದು. ಆದುದರಿಂದ ನಮ್ಮ ಮನೆಯ ಸಮಸ್ತ ಅರ್ಥಶಾಸ್ತ್ರವೂ 104 ಮತ್ತು 142ರ ನಡುವಣ ಮೂವತ್ತೆಂಟು ಅಡಿಗಳಲ್ಲಿ ಅಡಗಿತ್ತು. ಬೆಳಗಿನ ಪತ್ರಿಕೆ ಬಂದೊಡನೆ ದೊಡ್ಡಪ್ಪನವರು ಮೊದಲು ನೋಡುತ್ತಿದ್ದುದು ಆ ಅಂಕಿಯನ್ನು. ನೂರ ನಲವತ್ತೆಂದರೆ ಮದುವೆಯ ಮಾತೆತ್ತಬಹುದು. ನೂರ ಮೂವತ್ತೆಂದರೆ ಮಾಡಿನ ಹೆಂಚು ತೆಗೆಸಿ ಹೊದಿಸಬಹುದು. ನೂರ ಇಪ್ಪತ್ತೆಂದರೆ ದೀಪಾವಳಿಗೆ ಮಕ್ಕಳಿಗೆ ಮಾತ್ರ ಬಟ್ಟೆ. ನೂರ ಹತ್ತೆಂದರೆ ಯಾರೂ ಯಾರನ್ನೂ ಏನನ್ನೂ ಕೇಳಬಾರದು. ಮಂಡ್ಯಕ್ಕೆ ಬಂದಾಗ ನನಗೆ ಪರಸ್ಥಳವೆನಿಸದಿದ್ದುದಕ್ಕೆ ಭಾಷೆಗಿಂತ ಹೆಚ್ಚಾಗಿ ಇದೇ ಕಾರಣವಿದ್ದೀತು: ಅಲ್ಲಿಯೂ ಹೋಟೆಲಿನ ಬೆಂಚಿನ ಮೇಲೆ ಕುಳಿತವರು ಕನ್ನಂಬಾಡಿಯ ಕಟ್ಟೆ 124.80 ಅಡಿ ಮುಟ್ಟಲು ಇನ್ನೆಷ್ಟು ಬಾಕಿಯೆಂದು ಲೆಕ್ಕ ಹಾಕುತ್ತಿದ್ದರು.

ಈ ಅಡಿಯ ಹುಟ್ಟು ಒಂದು ಮಹಾಕ್ಷಾಮದೊಡನೆ ಹೊಸೆದುಕೊಂಡಿದೆ. ಘಟ್ಟದಾಚೆ ವ್ಯರ್ಥವಾಗಿ ಕಡಲು ಸೇರುವ ಪೆರಿಯಾರ್ ನದಿಯನ್ನು ಈಚೆಗೆ ತಿರುಗಿಸಬೇಕೆಂಬ ಯೋಚನೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ರಾಮನಾಥಪುರದ ಆಸ್ಥಾನದಲ್ಲಿ ಮೂಡಿತ್ತು. ಕುಂಪಣಿಯ ಅಧಿಕಾರಿಗಳು ಬಂದು ಬೆಟ್ಟವನ್ನು ನೋಡಿ, ಆಗದ ಕೆಲಸವೆಂದು ಬರೆದಿಟ್ಟು ಹೋಗಿದ್ದರು. 1876ರಲ್ಲಿ ಧಾತು ಸಂವತ್ಸರದ ಮಳೆ ಕೈಕೊಟ್ಟಿತು. ಮೈಸೂರು ಸೀಮೆಯವರು ಧಾತು ಈಶ್ವರ ಸಂವತ್ಸರಗಳ ಬರವೆಂದು ಯಾವುದನ್ನು ನೆನೆಯುವರೋ, ತಮಿಳರು ಧಾತು ವರುಷದ ಪಂಜಂ ಎಂದು ಅದನ್ನೇ ನೆನೆಯುತ್ತಾರೆ. 1871ರಲ್ಲಿ ಐವತ್ತು ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕಿಳಿದಿತ್ತೆಂದರೆ ಆ ಬರದ ವ್ಯಾಪ್ತಿಯನ್ನು ಊಹಿಸಿಕೊಳ್ಳಬಹುದು.

ಆದರೆ ಆ ಕ್ಷಾಮದ ವೃತ್ತಾಂತವನ್ನು ಓದುತ್ತ ಹೋದಂತೆ, ಮುಗಿಲಿಗಿಂತ ಹೆಚ್ಚಾಗಿ ಅಳತೆಯ ಮಾತೇ ಎದುರಾಗುತ್ತದೆ. ತಿರುಚಿರಾಪಳ್ಳಿಯಿಂದ ದಿಂಡಿಗಲ್ಲಿನ ಮೇಲೆ ಮಧುರೆಗೆ ಹೋಗುವ ರೈಲುದಾರಿ 1875ರಲ್ಲಿಯೇ ಬಂದಿತ್ತು. ಧಾನ್ಯ ಬರಲು ದಾರಿಯಿಲ್ಲವೆಂಬ ನೆವ ಆ ಊರುಗಳಿಗೆ ಇರಲಿಲ್ಲ. ಇಲ್ಲದಿದ್ದುದು ಕೊಳ್ಳುವವನ ಸೆರಗಿನಲ್ಲಿ ಕಾಸು. ಅದೇ ದಿನಗಳಲ್ಲಿ ಹಿಂದುಸ್ಥಾನದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಸಾಗುತ್ತಲೇ ಇತ್ತು. ಪರಿಹಾರದ ವೆಚ್ಚವನ್ನು ಹಿಡಿತಕ್ಕೆ ತರಲು ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು, ದಿನವೆಲ್ಲ ಮಣ್ಣು ಹೊರುವ ಕೂಲಿಗೆ 1 ಪೌಂಡ್ ಧಾನ್ಯವೂ ಮೇಲೆ ಅಲ್ಪ ಕಾಸೂ ಸಾಕೆಂದು ಗೊತ್ತುಮಾಡಿದನು; ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಎಂಬವನು ಇದರಿಂದ ಜನ ಉಳಿಯುವುದಿಲ್ಲವೆಂದು ವಾದಿಸಿದನು; ಕೆಲವು ತಿಂಗಳ ತರುವಾಯ, ಅಷ್ಟರಲ್ಲಿ ಸಾಯುವವರು ಸತ್ತ ಮೇಲೆ, ಸರಕಾರ ಆ ಅಳತೆಯನ್ನು ತಿದ್ದಿತು. ಆ ಚರ್ಚೆ ನಡೆದ ಕೊಠಡಿಯೊಳಕ್ಕೆ ಆ ಧಾನ್ಯವನ್ನು ಉಣ್ಣಬೇಕಾಗಿದ್ದವರಲ್ಲಿ ಒಬ್ಬರನ್ನೂ ಕರೆದಿರಲಿಲ್ಲವೆಂಬುದನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು.

ಕ್ಷಾಮ ಹುಟ್ಟಿಸಿದ ಭೀತಿಯಿಂದ ಹಳೆಯ ಯೋಜನೆಗೆ ಮತ್ತೆ ಜೀವ ಬಂತು. 1886ರ ಅಕ್ಟೋಬರ್ 29ರಂದು ತಿರುವಾಂಕೂರಿನ ಮಹಾರಾಜರೊಡನೆ 999 ವರ್ಷಗಳ ಗುತ್ತಿಗೆಯಾಯಿತು: ಎಂಟು ಸಾವಿರ ಎಕರೆ, ಎಕರೆಗೆ ವರ್ಷಕ್ಕೆ ಐದು ರೂಪಾಯಿ. ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರನ ನೇತೃತ್ವದಲ್ಲಿ, ಸುಣ್ಣ ಸುರ್ಕಿಗಳ ಗಾರೆಯಿಂದ, ಪ್ರವಾಹವನ್ನೂ ಕಾಡುಜ್ವರವನ್ನೂ ಎದುರಿಸಿ, ನೂರಾರು ಕೂಲಿಗಳ ಪ್ರಾಣವನ್ನು ತೆತ್ತು ಕಟ್ಟಿದ ಅಣೆಯನ್ನು 1895ರ ಅಕ್ಟೋಬರ್ 10ರಂದು ಮದರಾಸಿನ ಗವರ್ನರ್ ವೆನ್‌ಲಾಕ್ ಪ್ರಭು ತೆರೆದನು. ಸರಕಾರದ ಹಣ ನಿಂತುಹೋದಾಗ ಪೆನ್ನಿಕ್ವಿಕ್ ಇಂಗ್ಲೆಂಡಿಗೆ ಹೋಗಿ ತನ್ನ ಆಸ್ತಿಯನ್ನೂ ಹೆಂಡತಿಯ ಒಡವೆಗಳನ್ನೂ ಮಾರಿ ಬಂದು ಕೆಲಸ ಮುಗಿಸಿದನೆಂಬ ಕತೆ ನಮ್ಮ ಕಣಿವೆಯ ಪ್ರತಿ ಮನೆಯಲ್ಲಿಯೂ ಇದೆ. ಕಾಗದಪತ್ರಗಳನ್ನು ಶೋಧಿಸಿದವರು ಇದಕ್ಕೆ ಆಧಾರ ಕಾಣುವುದಿಲ್ಲ. ಆದರೆ ಮುರುಗನ ಪಟದ ಪಕ್ಕದಲ್ಲಿ ಆ ದೊರೆಯ ಪಟವನ್ನು ತೂಗುಹಾಕಿ, ಜನವರಿ 15ರ ಅವನ ಹುಟ್ಟುಹಬ್ಬಕ್ಕೆ ಪೊಂಗಲಿಡುವ ಜನಕ್ಕೆ ಕಾಗದಪತ್ರದ ಚಿಂತೆಯಿಲ್ಲ. ವಿಚಿತ್ರವೆಂದರೆ, ಮಂಡ್ಯದಲ್ಲಿಯೂ ನಾನು ಅದೇ ಕತೆಯನ್ನು ಕೇಳಿದೆ: 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೆಲಸಕ್ಕೆ ಹಣ ಸಾಲದೆ ಅರಮನೆಯ ಒಡವೆಗಳು ಮುಂಬಯಿಯ ಪೇಟೆಗೆ ಹೋದುವೆಂದು. ಒಡವೆಯನ್ನು ಮಾರದೆ ನೀರು ಬರುವುದೆಂದು ನಂಬಲು ಒಕ್ಕಲುಮಕ್ಕಳ ಮನಸ್ಸು ಒಪ್ಪುವುದಿಲ್ಲವೆಂದು ತೋರುತ್ತದೆ. ಅದು ಅವರ ಸ್ವಂತ ಅನುಭವವಾದುದರಿಂದ.

ಇದನ್ನು ನಾನು ಒಮ್ಮೆ ಅವ್ವನಿಗೆ ಹೇಳಿದಾಗ, ಅವಳು ಗೋಡೆಯ ಮೇಲಿನ ಮೀಸೆಯ ದೊರೆಯನ್ನು ನೋಡಿ, "ಒಡವೆ ಬಿಚ್ಚಿಕೊಟ್ಟವಳ ಪಟ ಯಾಕೆ ಯಾರೂ ಹಾಕಿಲ್ಲ?" ಎಂದಳು.

2017ರ ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ ಈ ಪ್ರಶ್ನೆ ಮನೆಯ ಪ್ರಶ್ನೆಯೇ ಆಗಿತ್ತು. ಹಿಂದಿನ ವರ್ಷದ ಹಿಂಗಾರು ತಮಿಳುನಾಡಿನಲ್ಲಿ ವಾಡಿಕೆಗಿಂತ ನೂರಕ್ಕೆ ಅರುವತ್ತೆರಡು ಪಾಲು ಕಡಮೆಯಾಗಿ, ಜನವರಿ 10ರಂದು ಮುಖ್ಯಮಂತ್ರಿ ಪನ್ನೀರ್‌ಸೆಲ್ವಂ, ಅವರೂ ನಮ್ಮ ಜಿಲ್ಲೆಯ ಪೆರಿಯಕುಳದವರೇ, ರಾಜ್ಯದ ಎಲ್ಲ ಜಿಲ್ಲೆಗಳೂ ಬರಪೀಡಿತವೆಂದು ಘೋಷಿಸಿದ್ದರು. ಕಣಿವೆಯ ದ್ರಾಕ್ಷಿಯ ಚಪ್ಪರಗಳು ಬಣ್ಣಗೆಟ್ಟಿದ್ದುವು. ಅಣೆಯ ಅಡಿ ಕೆಳಗಿಳಿದಂತೆಲ್ಲ ಬೋರ್‌ವೆಲ್ಲಿನ ಅಡಿ ಭೂಮಿಯೊಳಕ್ಕೆ ಇಳಿಯುತ್ತ ಹೋಗಿ, ಎರಡಕ್ಕೂ ನಡುವೆ ಮನುಷ್ಯನು ತ್ರಿಶಂಕುವಾಗಿದ್ದನು.

ರಾತ್ರಿಯ ಊಟವಾದ ಮೇಲೆ ಜಗಲಿಯ ಮೇಲೆ ಸಭೆ ಕೂಡಿತು. ದೊಡ್ಡಪ್ಪನವರು ಎಂದಿನಂತೆ ಅಡಿಯಿಂದ ಆರಂಭಿಸಿದರು. ಜೂನ್ ಒಂದಕ್ಕೆ ಮೊದಲ ಬೆಳೆಗೆ ನೀರು ಬಿಡುವ ವಾಡಿಕೆ ಈ ವರ್ಷ ನಡೆಯದೆಂದರು, ಕೇರಳವನ್ನು ಬೈದರು, ಅಣ್ಣನು ಸರಕಾರವನ್ನು ಬೈದನು. ಆ ಏಪ್ರಿಲಿನಲ್ಲಿಯೇ ಸಚಿವರೊಬ್ಬರು ವೈಗೆಯ ಅಣೆಗೆ ಬಂದು, ನೀರು ಆವಿಯಾಗದಿರಲೆಂದು ಥರ್ಮಾಕೋಲ್ ಹಲಗೆಗಳನ್ನು ಅಂಟಿಸಿ ತೇಲಿಬಿಟ್ಟಿದ್ದರು. ಸಚಿವರು ಬೆನ್ನು ತಿರುಗಿಸುವಷ್ಟರಲ್ಲಿ ಗಾಳಿ ಅವನ್ನೆಲ್ಲ ದಡಕ್ಕೆ ತಂದು ಹಾಕಿತ್ತು. ಆ ಪ್ರಸಂಗವನ್ನು ಅಣ್ಣನು ಅಭಿನಯಸಹಿತವಾಗಿ ವರ್ಣಿಸಿದಾಗ ಎಲ್ಲರೂ ನಕ್ಕೆವು. ನಗುವಿನಲ್ಲಿ ಒಂದು ಗಂಟೆ ಕಳೆಯಿತು. ಸಾಲದ ಮಾತು ಇನ್ನೂ ಬಂದಿರಲಿಲ್ಲ.

ಅತ್ತಿಗೆ ಬಾಗಿಲ ಬಳಿ ಕುಳಿತು ತೂಕಡಿಸುತ್ತಿದ್ದಳು. ತೂಕಡಿಸಲು ಕಾರಣವಿತ್ತು. ನಮ್ಮ ಕಣಿವೆಯಲ್ಲಿ ಕಷ್ಟದ ವರ್ಷಗಳಲ್ಲಿ ನಡೆಯುವ ಒಂದು ವಿನಿಮಯವನ್ನು ಯಾವ ಗುತ್ತಿಗೆಯ ಪತ್ರವೂ ಬರೆದಿಟ್ಟಿಲ್ಲ: ಘಟ್ಟದ ಮೇಲಿನಿಂದ ನೀರು ಇಳಿದು ಬರುತ್ತದೆ, ಕೆಳಗಿನಿಂದ ಹೆಂಗಸರು ಹತ್ತಿ ಹೋಗುತ್ತಾರೆ. ಕೋಳಿ ಕೂಗುವ ಮೊದಲೇ ಜೀಪುಗಳಲ್ಲಿ ಒತ್ತೊತ್ತಾಗಿ ಕುಳಿತು, ಕಂಬಂಮೆಟ್ಟು, ಬೋಡಿಮೆಟ್ಟು, ಕುಮಳಿಗಳ ದಾರಿಯಲ್ಲಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ, ದಿನವೆಲ್ಲ ಕಾಯಿ ಬಿಡಿಸಿ ಸಂಜೆಗೆ ಇಳಿಯುತ್ತಾರೆ. ಅವರು ಬಿಡಿಸಿದ ಏಲಕ್ಕಿ ಬೋಡಿನಾಯಕನೂರಿನ ಹರಾಜಿಗೆ ಅವರಿಗಿಂತ ಹೆಚ್ಚಿನ ಮರ್ಯಾದೆಯಿಂದ ಇಳಿಯುತ್ತದೆ. ಅತ್ತಿಗೆಯೂ ಹೋಗಲಾರಂಭಿಸಿದ್ದಳು, ಕೂಲಿಗೆ ಹೋಗುವಳೆಂದು ಬಂಧುಗಳಿಗೆ ಹೇಳಲು ನಾಚಿ, ದೊಡ್ಡಪ್ಪನವರು ಅದನ್ನು "ಮೇಲಕ್ಕೆ ಹೋಗಿ ಬರುತ್ತಾಳೆ" ಎಂದಷ್ಟೇ, ದೇವರ ದರ್ಶನಕ್ಕೆ ಹೋದವಳಂತೆ, ಹೇಳುತ್ತಿದ್ದರು.

ದೊಡ್ಡಪ್ಪನವರು ಮತ್ತೊಮ್ಮೆ "ನೂರ ನಾಲ್ಕಕ್ಕೆ ಇನ್ನೆಷ್ಟು ಅಡಿ..." ಎಂದು ಆರಂಭಿಸಿದಾಗ ಅತ್ತಿಗೆ ಕಣ್ಣು ತೆರೆದು, "ದೊಡ್ಡಮಾವ, ಅಡಿ ಲೆಕ್ಕ ಸಾಕು. ರೂಪಾಯಿ ಲೆಕ್ಕ ಹೇಳಲಿ ಇವರು. ನಾಲ್ಕು ಗಂಟೆಗೆ ನನಗೆ ಜೀಪು ಬರ್ತದೆ" ಎಂದಳು.

ಜಗಲಿ ಸ್ತಬ್ಧವಾಯಿತು. ಅಣ್ಣನು ನನ್ನ ಮುಖ ನೋಡಿದನು, ನಾನು ಲೆಕ್ಕಪತ್ರದವನೆಂಬ ಆಸೆಯಿಂದ. ನಾನು ಕಾಗದ, ಪೆನ್ನು ತೆಗೆದೆ. ಆಗ ಒಂದೊಂದಾಗಿ ಹೊರಬಿದ್ದುವು: ಸೊಸೈಟಿಯ ಬೆಳೆಸಾಲ ಎಲ್ಲರಿಗೂ ತಿಳಿದಿತ್ತು; ಅತ್ತಿಗೆಯ ಬಳೆ, ಸರಗಳು ಗಿರವಿಗೆ ಹೋದದ್ದು ಹೆಂಗಸರಿಗೆ ತಿಳಿದಿತ್ತು; ಅವ್ವ ತನ್ನ ಓಲೆಯನ್ನೂ ಕೊಟ್ಟಿದ್ದಳೆಂಬುದು ನನಗೆ ತಿಳಿದಿರಲಿಲ್ಲ; ನೀರು ಬಾರದ ಎರಡನೆಯ ಬೋರಿಗಾಗಿ ಬಡ್ಡಿಗೆ ತಂದ ಹಣ ಅಣ್ಣನ ಹೊರತು ಯಾರಿಗೂ ತಿಳಿದಿರಲಿಲ್ಲ. ಬರೆದು ಕೂಡಿಸಿದಾಗ ಕಂಡದ್ದು ಇಷ್ಟು: ಬರದ ಭಾರವನ್ನು ಮನೆ ಹೊತ್ತಿದೆಯೆಂದು ನಾವು ಅಂದುಕೊಂಡಿದ್ದೆವು, ಹೊತ್ತದ್ದು ಮನೆಯ ಒಂದು ಮಗ್ಗುಲು ಮಾತ್ರ. ಕಿವಿ, ಕತ್ತು, ಕೈಗಳಿಂದ ಇಳಿಯಬಹುದಾದುದೆಲ್ಲ ಇಳಿದಿತ್ತು. ಅಣ್ಣನ ಮೋಟರ್ ಸೈಕಲ್ಲು ಅಂಗಳದಲ್ಲಿ ನಿಂತೇ ಇತ್ತು. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ದಿನವೂ ಎಲ್ಲರ ಕಣ್ಣೆದುರಿಗೇ ಇದ್ದು ಲೆಕ್ಕಕ್ಕೆ ಮಾತ್ರ ಬಂದಿರಲಿಲ್ಲ.

ಟೆಂಪಲ್ ಸಾಹೇಬನನ್ನು ನಾನು ಬಹುಕಾಲ ಕ್ರೂರಿಯೆಂದೇ ಎಣಿಸಿದ್ದೆನು. ಆ ರಾತ್ರಿಯ ತರುವಾಯ ನನಗೆ ಬೇರೊಂದು ಸಂಶಯ ಹುಟ್ಟಿತು: ಅವನು ಇತರರಿಗಿಂತ ಕ್ರೂರನಾಗಿರದೆ, ಅಳೆಯುವವರೂ ಉಣ್ಣುವವರೂ ಬೇರೆ ಬೇರೆ ಕೋಣೆಗಳಲ್ಲಿ ಕುಳಿತಾಗ ಎಂಥವನಿಂದಲೂ ಆಗಬಹುದಾದ ಕಾರ್ಯವನ್ನೇ ಮಾಡಿರಬಹುದು. ಜಗಲಿ ಮತ್ತು ಬಾಗಿಲ ನಡುವೆ ಎರಡು ಮೊಳದ ಅಂತರವಿದ್ದರೂ ಅದು ಸಾಕಾಗುತ್ತದೆ. ಮಳೆ ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲವೆಂಬುದು ಸತ್ಯವೇ. ಆದರೆ ಆ ಸತ್ಯವನ್ನು ಗಟ್ಟಿಯಾಗಿ ಹೇಳುತ್ತ ಕುಳಿತರೆ, ನಮ್ಮ ಕೈಯಲ್ಲಿರುವ ಪಾಲಿನ ಮಾತನ್ನು ಯಾರೂ ಎತ್ತದಂತೆ ನೋಡಿಕೊಳ್ಳಬಹುದು. ಮನೆಯ ಯಜಮಾನರೂ ರಾಜ್ಯದ ಯಜಮಾನರೂ ಬರಗಾಲದಲ್ಲಿ ಆಕಾಶವನ್ನೇ ದೃಷ್ಟಿಸಿ ಮಾತನಾಡುವುದಕ್ಕೆ ಇದೂ ಒಂದು ಕಾರಣ.

ಆ ತಿಂಗಳು ಮೋಟರ್ ಸೈಕಲ್ಲು ಮಾರಾಟವಾಗಿ, ಬಡ್ಡಿಯ ಸಾಲ ತೀರಿತು. ಅಣ್ಣನು ಬಸ್ಸಿಗೆ ಕಾಯುವುದನ್ನು ಕಲಿತನು. ಒಡವೆಗಳನ್ನು ಬಿಡಿಸಿಕೊಂಡು ಬರಲು ಎರಡು ಮಳೆಗಾಲ ಹಿಡಿದುವು. ಈಗ ಅಣ್ಣನು ಮತ್ತೊಂದು ವಾಹನ ಕೊಂಡಿದ್ದಾನೆ. ಅದಕ್ಕೆ ಮುಂಚೆ ಮನೆಯವರೆಲ್ಲರ ಎದುರಿಗೆ ಆದಾಯ, ಸಾಲಗಳನ್ನು ಓದಿ ಹೇಳಬೇಕಾಯಿತೆಂದು ಅವನು ನನ್ನ ಬಳಿ ದೂರಿದನು. ಓದಿಸಿದವರು ದೊಡ್ಡಪ್ಪನವರೇ ಅಂತೆ, ಅಡಿಯ ಅಂಕಿಯನ್ನು ಓದಿ ಮುಗಿಸಿದ ಕೂಡಲೆ, ಅದೇ ಕನ್ನಡಕದಲ್ಲಿ.