ಎತ್ತಿಗೊಂದು ಪಿಕಪ್, ಗಾಡಿಗೊಂದು ಪಿಕಪ್

ನಮ್ಮ ಕಡೆ ಕಬ್ಬಿನ ಹಂಗಾಮು, ಜಾತ್ರೆಯ ಹಂಗಾಮು ಒಂದರ ಬೆನ್ನಿಗೆ ಒಂದು ಬರುತ್ತವೆ. ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಬಿಡೋಕೆ ಶುರು ಮಾಡಿತು ಅಂದರೆ ಬೆಲ್ಲದ ಬಾಗೇವಾಡಿಯ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಸ್ವಲ್ಪ ದಿನ ಕಳೆದರೆ ಅವುಗಳ ಸಂದಿಯಲ್ಲೇ ಬೊಲೆರೊ ಪಿಕಪ್‌ಗಳು ಕಾಣಿಸುತ್ತವೆ. ಹಿಂದೆ ಝೂಲ ಹೊದ್ದ ಎರಡು ಖಿಲಾರಿ ಎತ್ತು, ಅವುಗಳ ಪಕ್ಕ ಕೊರಳ ಹಗ್ಗ ಹಿಡಿದು ನಿಂತ ಒಬ್ಬ ಹುಡುಗ. ಎಲ್ಲೋ ಒಂದು ಊರಿನ ಜಾತ್ರೆಗೆ, ಜೋಡೆತ್ತಿನ ಗಾಡಿ ಶರ್ಯತ್ತಿಗೆ ಹೊರಟವರು.

ಶರ್ಯತ್ತಿನ ರೀಲ್ಸ್ ನೀವೆಲ್ಲ ನೋಡಿರುತ್ತೀರಿ. ಧೂಳು, ಸೀಟಿ, ಹಲಗಿ ಸಪ್ಪಳ, ಹಿಂದೆ ಬೈಕುಗಳ ಹಿಂಡು. ಅರ್ಧ ನಿಮಿಷದಲ್ಲಿ ಮುಗಿಯುತ್ತೆ. ಆದರೆ ಆ ಎತ್ತು, ಆ ಗಾಡಿ ಅಲ್ಲಿಗೆ ಹೇಗೆ ಬಂದವು ಅನ್ನೋದನ್ನು ಯಾರೂ ಶೂಟ್ ಮಾಡೋದಿಲ್ಲ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವನು. ಮೂರು ಹಂಗಾಮಿನಿಂದ ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ ನಮ್ಮ ಕಾಕಾನ ಜೋಡಿಯ ಜೊತೆ ಪಿಕಪ್‌ನ ಹಿಂದೆ ನಿಂತು ಹೋಗುತ್ತಿದ್ದೇನೆ. ಗಾಡಿ ಓಡಿಸೋದು ಕಾಕಾನ ಮಗ, ನನಗೆ ಅಣ್ಣ. ನನ್ನ ಕೆಲಸ ಹಗ್ಗ ಹಿಡಿಯೋದು, ಮೈ ಸವರೋದು, ಸಗಣಿ ಬಳಿಯೋದು ಅಷ್ಟೇ.

ಅಜ್ಜನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಎತ್ತುಗಳು ಗಾಡಿ ಎಳೆದುಕೊಂಡೇ ಹೋಗುತ್ತಿದ್ದವು. ದಾರಿಯಲ್ಲಿ ವಸ್ತಿ, ಕೆರೆಯಲ್ಲಿ ನೀರು, ಗಿಡದ ಕೆಳಗೆ ನೆರಳು. ಎತ್ತು ನಡೆಯುವಷ್ಟೇ ದೂರ ಶರ್ಯತ್ತೂ ಇತ್ತು. ಪಿಕಪ್ ಬಂದ ಮೇಲೆ ಆ ದೂರ ಹಿಗ್ಗಿತು. ಶನಿವಾರ ಮೂಡಲಗಿ ಕಡೆ ಓಡಿದ ಜೋಡಿ ಸೋಮವಾರ ಗಡಿ ದಾಟಿ ಕೊಲ್ಹಾಪುರ ಕಡೆ ಓಡಬಹುದು.

ನಡುವೆ ಕೋರ್ಟಿನ ಕತೆಯೂ ಇದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆ ಎತ್ತಿನ ಗಾಡಿ ಓಟವನ್ನೂ ನಿಲ್ಲಿಸಿತ್ತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳಕ್ಕೂ ಗಾಡಿ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮಧ್ಯೆ 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹಲವು ಜಿಲ್ಲೆಗಳಲ್ಲಿ ದನದ ಜಾತ್ರೆ, ದನದ ಸಾಗಾಟ ಎರಡಕ್ಕೂ ತಡೆ ಬಿದ್ದಿತ್ತು. ಇಷ್ಟೆಲ್ಲ ದಾಟಿ ಬಂದ ಆಟ ಇದು. ಶರ್ಯತ್ತಿನ ಮೈದಾನದಲ್ಲಿ ಏನು ನಡೆಯುತ್ತೆ ಅನ್ನೋದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪಿಕಪ್‌ನ ಹಿಂದೆ ಏನು ನಡೆಯುತ್ತೆ ಅನ್ನೋದರ ಬಗ್ಗೆ ಮಾತು ಕಡಿಮೆ.

ನನ್ನ ಆಫೀಸಿನಲ್ಲಿ ಒಬ್ಬ ಗೆಳೆಯನಿಗೆ ಗೋ-ಕಾರ್ಟ್ ಹುಚ್ಚು. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಮಾಡಿದ ಆಟದ ಗಾಡಿಯಿಂದ ಇದು ಬೆಳೆಯಿತಂತೆ. ಕಾರ್ಟ್ ಅಂದರೂ ಗಾಡಿ ಅಂತಲೇ ಅರ್ಥ, ಸ್ಪೆಲಿಂಗ್ ಮಾತ್ರ ಬೇರೆ. ಅವನೂ ತನ್ನ ಗಾಡಿಯನ್ನು ಪಿಕಪ್‌ನಲ್ಲೇ ಒಯ್ಯುತ್ತಾನೆ. ಇಬ್ಬರು ಎತ್ತಿ ಒಳಗಿಟ್ಟು ನಾಲ್ಕು ಮೂಲೆಗೆ ಪಟ್ಟಿ ಬಿಗಿದರೆ ಮುಗೀತು. ಪಕ್ಕದಲ್ಲೇ ಟೈರು, ಪೆಟ್ರೋಲ್ ಕ್ಯಾನು, ಸ್ಪ್ಯಾನರ್ ಡಬ್ಬಿ, ಹೆಲ್ಮೆಟ್ಟು. "ನಿಮ್ಮ ಗಾಡಿ ಎಲ್ಲಿಡ್ತೀರಿ?" ಅಂತ ಒಮ್ಮೆ ಕೇಳಿದ. ಒಳ್ಳೆ ಪ್ರಶ್ನೆ. ಅವನ ಎಂಜಿನ್ ದಾರಿಯಲ್ಲಿ ಸುಮ್ಮನೆ ಬಿದ್ದಿರುತ್ತೆ. ನಮ್ಮದು ಎದ್ದು ನಿಂತು, ಉಸಿರಾಡುತ್ತಾ, ಎಲ್ಲ ನೋಡುತ್ತಾ ಬರುತ್ತೆ.

ನಮ್ಮ ಸಾಮಾನಿನ ಪಟ್ಟಿಯೂ ಸಣ್ಣದಲ್ಲ. ಹಗುರ ಶರ್ಯತ್ತಿನ ಗಾಡಿ, ನೊಗ, ಜತ್ತಿಗೆ, ಮಿಣಿ, ಒಂದು ಜೊತೆ ಹೆಚ್ಚಿನ ಹಗ್ಗ, ಗಾಲಿಯ ಕೀಲು, ಗ್ರೀಸು, ಸುತ್ತಿಗೆ. ಎತ್ತಿಗೆ ಕಣಕಿ, ನೆನೆಹಾಕಿದ ಹುರುಳಿ, ಹಿಂಡಿ. ಕ್ಯಾನುಗಳಲ್ಲಿ ನಮ್ಮ ಬಾವಿಯದೇ ನೀರು, ಯಾಕಂದರೆ ಪರ ಊರಿನ ನೀರನ್ನು ಮೂಸಿ ಬಿಟ್ಟುಬಿಡುವ ಎತ್ತುಗಳಿವೆ. ಇದರಲ್ಲಿ ಎಲ್ಲದಕ್ಕೂ ಜಾಗ ಹೊಂದಿಸಬಹುದು, ಗಾಡಿಯೊಂದನ್ನು ಬಿಟ್ಟು.

ಲೆಕ್ಕ ಹಾಕಿ ನೋಡಿ. ದೊಡ್ಡ ಬೊಲೆರೊ ಪಿಕಪ್‌ನ ಹಿಂಭಾಗ ಸುಮಾರು 9 ಅಡಿ ಉದ್ದ, ಐದೂವರೆ ಅಡಿ ಅಗಲ. ಅಂದರೆ ಹೆಚ್ಚುಕಮ್ಮಿ 4.6 ಚದರ ಮೀಟರ್. 2016ರ ಜನವರಿ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮದಂತೆ ದನ ಒಂದಕ್ಕೆ ಕನಿಷ್ಠ 2 ಚದರ ಮೀಟರ್ ಜಾಗ, ನಡುವೆ ಅಡ್ಡಗಟ್ಟು ಬೇಕು. ಎರಡು ಎತ್ತಿಗೆ 4 ಹೋಯಿತು. ಉಳಿಯುವುದು ಒಬ್ಬ ಮನುಷ್ಯ ನಿಲ್ಲುವಷ್ಟು, ಒಂದು ಸಿವುಡು ಮೇವು ಇಡುವಷ್ಟು. ತೂಕದ ತಕರಾರು ಇಲ್ಲವೇ ಇಲ್ಲ. ಒಂದೂವರೆ ಟನ್ನಿಗೂ ಹೆಚ್ಚು ಹೊರುವ ಪಿಕಪ್‌ಗೆ ಎರಡು ಎತ್ತು ಲೆಕ್ಕಕ್ಕೇ ಇಲ್ಲ. ತಕರಾರು ಜಾಗದ್ದು.

1978ರ ಪ್ರಾಣಿ ಸಾಗಾಟ ನಿಯಮಗಳನ್ನು ಓದಿದಾಗ ನನಗೆ ನಗು ಬಂತು. ಅದರಲ್ಲಿ ಇರೋದೆಲ್ಲ ಕಾಕಾ ಮೊದಲಿನಿಂದ ಹೇಳುತ್ತಿದ್ದದ್ದೇ. ತಳದಲ್ಲಿ ಕಾಲು ಜಾರದಂತೆ ನಾರಿನ ಚಾಪೆಯೋ ಹಲಗೆಯೋ ಇರಬೇಕು. ಜೊತೆಗೆ ಒಬ್ಬ ಆಳು ಇರಬೇಕು. ಎತ್ತಿನ ಮುಖ ಆದಷ್ಟು ಎಂಜಿನ್ ಕಡೆಗಿರಬೇಕು. ದನದ ಜೊತೆ ಬೇರೆ ಸರಕು ಹೇರಬಾರದು. ಪ್ರಯಾಣಕ್ಕೆ ತಕ್ಕ ಆರೋಗ್ಯ ಇದೆ ಅಂತ ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಆ ಕಾಗದ ಕೈಯಲ್ಲಿದ್ದರೆ ನಾಕಾದಲ್ಲಿ ಪೊಲೀಸರು ಕೇಳಿದಾಗ ಮಾತು ಬೇಗ ಮುಗಿಯುತ್ತೆ.

ಮುಖ ಎಂಜಿನ್ ಕಡೆಗೆ ಯಾಕೆ ಅನ್ನೋದು ಹಿಂದೆ ನಿಂತವರಿಗೆ ಗೊತ್ತಾಗುತ್ತೆ. ಬ್ರೇಕ್ ಬಿದ್ದಾಗ ಎತ್ತು ಮುಂಗಾಲು ಊರಿ ತಡೆದುಕೊಳ್ಳುತ್ತೆ, ಗೇರ್ ಬದಲಾದಾಗ ಹಿಂಗಾಲು ಊರುತ್ತೆ, ತಿರುವಿನಲ್ಲಿ ಮೈ ವಾಲಿಸುತ್ತೆ. ಪ್ರತಿ ಹಂಪಿಗೂ ಹೀಗೆ. ಒಂದೂವರೆ ತಾಸಿನ ದಾರಿಯಲ್ಲಿ ಅದು ಒಂದು ಗಳಿಗೆ ಸುಮ್ಮನಿರೋದಿಲ್ಲ. ನಾವು ಎತ್ತನ್ನು ಹೇರಿಕೊಂಡು ಹೊರಟೆವು ಅಂದುಕೊಳ್ಳುತ್ತೇವೆ, ಅದು ಮಾತ್ರ ನಿಂತಲ್ಲೇ ದುಡಿಯುತ್ತಾ ಬರುತ್ತೆ.

ಹೋದ ಹಂಗಾಮಿನಲ್ಲಿ ರಾಯಬಾಗ ತಾಲ್ಲೂಕಿನ ಒಂದು ಊರಿಗೆ ಹೊರಟಿದ್ದೆವು. ಬೆಳಗಿನ ನಾಲ್ಕಕ್ಕೆ ಎತ್ತಿನ ಪಿಕಪ್ ಬಂತು, ಗಾಡಿ ಒಯ್ಯಬೇಕಿದ್ದ ಎರಡನೇ ಪಿಕಪ್ ಬರಲಿಲ್ಲ. ಫೋನ್ ಸ್ವಿಚ್ಡ್ ಆಫ್. ಪ್ರವೇಶ ಫೀ ಕಟ್ಟಿಯಾಗಿತ್ತು. ಓಣಿಯ ಹುಡುಗರು ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದರು.

"ಕಾಕಾ, ಮ್ಯಾಲಿನ ಪೈಪಿಗೆ ಗಾಡಿ ಕಟ್ಟೂನು. ನಾಕ್ ಹಗ್ಗ ಬಿಗದ್ರ ಆತು. ಎಲ್ಲಾರೂ ಹಂಗ ಒಯ್ತಾರ," ಅಂದ ಒಬ್ಬ.

ಅದೂ ಸುಳ್ಳಲ್ಲ. ಎತ್ತಿನ ತಲೆಯ ಮೇಲೆ ಗಾಡಿ ಕಟ್ಟಿಕೊಂಡು ಹೋಗುವ ಪಿಕಪ್‌ಗಳನ್ನು ನಾನೂ ನೋಡಿದ್ದೇನೆ. ಕಾಕಾ ತಲೆ ಅಲ್ಲಾಡಿಸಿದ. ಅಣ್ಣನಿಗೆ ತಡೆಯಲಿಲ್ಲ.

"ಅಪ್ಪಾ, ಆರು ತಿಂಗಳು ತಯಾರಿ ಮಾಡೇನಿ. ಇಲ್ಲೇ ರಾಯಬಾಗಕ್ಕ ಹೋಗಾಕ ಏನ್ ಆಗತೈತಿ?"

"ಏನೂ ಆಗೂದಿಲ್ಲಂತ ನಿನಗ ಗೊತ್ತೈತಿ. ಎತ್ತಿಗೆ ಗೊತ್ತಿಲ್ಲಲೋ. ತಲಿ ಮ್ಯಾಲೆ ಗಾಡಿ ಕಟಕಟ ಅಂದ್ರ ದಾರಿ ತುಂಬ ನಡಗ್ಕೋತ ಬರ್ತೈತಿ. ಇಳಿಯೂದ್ರಾಗ ಅದರ ಓಟ ಮುಗದಿರ್ತೈತಿ."

ಕೊನೆಗೆ ನೊಗ, ಜತ್ತಿಗೆ ಮಾತ್ರ ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಅಡ್ಡ ಇಟ್ಟುಕೊಂಡು ಹೊರಟೆವು. ಗಾಡಿ ಅಲ್ಲೇ ಪರಿಚಯದವರದ್ದು ಕೇಳೋದು ಅಂತಾಯಿತು. ಪರರ ಗಾಡಿಯಾದರೂ ಪರವಾಗಿಲ್ಲ, ಪರರ ನೊಗ ಹೆಗಲು ಕೆತ್ತುತ್ತೆ ಅನ್ನೋದು ಕಾಕಾನ ಲೆಕ್ಕ. ಅಣ್ಣ ಹಿಂದೆ ನನ್ನ ಜೊತೆ ಹತ್ತಿದ. ಮಾತಿಲ್ಲ.

ದಾರಿಯಲ್ಲಿ ಒಂದು ತಿರುವಿನಾಚೆ ಹಿಂದಿನ ಲೈಟಿಲ್ಲದ ಕಬ್ಬಿನ ಟ್ರೇಲರ್ ನಿಂತಿತ್ತು. ಡ್ರೈವರ್ ಬ್ರೇಕ್ ಒತ್ತಿದ. ಎರಡೂ ಎತ್ತು ಮುಂದಕ್ಕೆ ಮುಗ್ಗರಿಸಿದವು. ಒಂದು ಮೊಣಕಾಲೂರಿ ಎದ್ದಿತು, ತಳದ ಹುಲ್ಲು ಕಾಪಾಡಿತು. ನಾವಿಬ್ಬರೂ ಕೊರಳು ಹಿಡಿದು "ಹೋ... ಹೋ..." ಅಂತ ಸಮಾಧಾನ ಮಾಡಿದೆವು. ಅಣ್ಣ ಒಮ್ಮೆ ತಲೆಯ ಮೇಲಿನ ಖಾಲಿ ಪೈಪಿನ ಕಡೆ ನೋಡಿದ. ಆಗಲೂ ಏನೂ ಅನ್ನಲಿಲ್ಲ.

ನಾಲ್ಕನೇ ಸ್ಥಾನ ಬಂತು. ಬಹುಮಾನ ಇದ್ದದ್ದು ಮೂವರಿಗೆ. ಎರವಲು ಗಾಡಿಯ ಒಂದು ಗಾಲಿ ಬಿಗಿಯಾಗಿತ್ತು, ನಮ್ಮದೇ ಗಾಡಿ ಇದ್ದಿದ್ದರೆ ಮೂರರೊಳಗೆ ಬರುತ್ತಿತ್ತು ಅಂತ ಅಣ್ಣ ಇವತ್ತಿಗೂ ಹೇಳುತ್ತಾನೆ. ಇರಬಹುದು. ಗಾಡಿಯನ್ನು ಮೇಲೆ ಕಟ್ಟಿದ್ದರೂ ಆ ಬ್ರೇಕಿಗೆ ಹಗ್ಗ ತಡೆಯುತ್ತಿತ್ತೋ ಏನೋ, ಅದನ್ನೂ ಯಾರೂ ಹೇಳಲಾರರು. ಅಪ್ಪ-ಮಗ ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಎತ್ತಿನ ಮೊಣಕಾಲಿನ ತರಚು ವಾಸಿಯಾಗಿದೆಯಾ ಅಂತ ನೋಡೋಕೆ ಇಬ್ಬರೂ ಕೊಟ್ಟಿಗೆಯಲ್ಲಿ ಒಟ್ಟಿಗೆ ಕೂತಿದ್ದರಂತೆ. ಅವ್ವ ಫೋನಿನಲ್ಲಿ ಹೇಳಿದಳು.

ಶರ್ಯತ್ತಿನ ಎತ್ತಿಗೆ ಇವತ್ತು ಲಕ್ಷಗಟ್ಟಲೆ ಬೆಲೆ. ಅಂಥ ಎತ್ತನ್ನು ಸಾಕುವವರೂ ಎರಡನೇ ಪಿಕಪ್‌ನ ಬಾಡಿಗೆ ಉಳಿಸೋಕೆ ನೋಡುತ್ತಾರೆ. ಅವರನ್ನು ಜಿಪುಣರು ಅಂತ ನಾನು ಅನ್ನೋದಿಲ್ಲ. ಮೇವು, ಹಿಂಡಿ, ಫೀ, ಡೀಸೆಲ್ಲು ಎಲ್ಲ ಸೇರಿದರೆ ಗೆದ್ದವನ ಕೈಯಲ್ಲೂ ಹೆಚ್ಚೇನೂ ಉಳಿಯೋದಿಲ್ಲ. ಗಾಡಿ ಕಣ್ಣಿಗೆ ಕಾಣುವ ಸಾಮಾನು, ಅದು ಬಿಟ್ಟುಹೋದರೆ ಗೊತ್ತಾಗುತ್ತೆ. ದಾರಿಯಲ್ಲಿ ಎತ್ತು ಕಳೆದುಕೊಂಡ ದಮ್ಮು ಕಾಣೋದಿಲ್ಲ. ಓಟದಲ್ಲಿ ಹಿಂದೆ ಬಿದ್ದಾಗ ಬೈಗುಳ ಎತ್ತಿಗೇ ಬೀಳುತ್ತೆ.

ನಿಮ್ಮ ಮನೆಯಲ್ಲೂ ಎತ್ತು ಕಟ್ಟುವವರಿದ್ದರೆ 1962 ನಂಬರು ಮೊಬೈಲಿನಲ್ಲಿ ಇರಲಿ, ಪಶು ಸಂಜೀವಿನಿ ಆಂಬುಲೆನ್ಸ್‌ನ ಸಹಾಯವಾಣಿ ಅದು. ಹೊರಡುವ ಮೊದಲು ಡ್ರೈವರ್‌ಗೆ ಒಂದು ಮಾತು ಹೇಳಿ, ಬ್ರೇಕ್ ಹಿಡಿಯುವಾಗ ಹಿಂದೆ ನಿಂತವರ ಕಾಲು ನೆನಪಿರಲಿ ಅಂತ.

ಈ ಸಲ ಅಣ್ಣ ಒಂದು ಉಪಾಯ ಮಾಡಿದ್ದಾನೆ. ನಮ್ಮ ಭಾಗದ ಇನ್ನೆರಡು ಜೋಡಿಯವರನ್ನು ಮಾತಾಡಿಸಿ, ಎತ್ತು ಅವರವರ ಪಿಕಪ್‌ನಲ್ಲಿ, ಮೂರೂ ಗಾಡಿ ಗಾಲಿ ಬಿಚ್ಚಿ ಒಂದೇ ಪಿಕಪ್‌ನಲ್ಲಿ, ಬಾಡಿಗೆ ಮೂರು ಪಾಲು. ಎದುರಾಳಿಗಳ ಗಾಡಿಗಳು ಒಂದರ ಮೇಲೊಂದು ಒರಗಿಕೊಂಡು ಹೋಗುತ್ತವೆ. ಅವರ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಿದ್ದಾರೆ. ಹೊಸ ಜಾತ್ರೆಯ ಪೋಸ್ಟರ್ ಬಿದ್ದ ಕೂಡಲೇ ಮೊದಲು ಬಹುಮಾನ ಎಷ್ಟು ಅಂತ ಕೇಳುತ್ತಿದ್ದರು. ಈಗ ಮೊದಲು ಬರುವ ಮೆಸೇಜು ಅಣ್ಣನದು: "ಗಾಡಿ ಪಿಕಪ್ ಯಾರು ಹೇಳ್ತೀರಿ?"