ನೆಲದ ಮೇಲೆ ಎರಡು ನೌಕೆಗಳು

ನನ್ನಲ್ಲಿ ಎಸ್.ಎಸ್.ಎಲ್.ಸಿ. ವಿಜ್ಞಾನ ಓದಿದ ಹುಡುಗಿಯೊಬ್ಬಳು ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿ ಜರ್ಮನಿಯಿಂದ ಹಿಂದಿರುಗಿದ್ದಾಳೆ. ಹೆಸರು ಬರೆಯಬೇಡಿ ಸಾರ್ ಎಂದಿದ್ದಾಳೆ, ಬರೆಯುವುದಿಲ್ಲ. ಕಳೆದ ವಾರ ಅವಳ ತಂದೆ ನಮ್ಮ ಮನೆಗೆ ಬಂದಿದ್ದರು. "ಆರು ತಿಂಗಳು ರೋಬೋಟ್ ಆಡಿಸಿ ಬಂದಳು ಮೇಷ್ಟ್ರೇ. ಈಗ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಕೈಗೆ ಬಂದಿದೆ; ಬೇಡ, ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ. ನೀವೇ ಬುದ್ಧಿ ಹೇಳಿ" ಎಂದರು. ಮೊದಲು ವಿಷಯ ತಿಳಿಯೋಣವೆಂದು ಅವಳನ್ನೇ ಕೇಳಿದೆ.

ಮ್ಯೂನಿಕ್ ಬಳಿಯ ಓಬರ್‌ಪ್ಫಾಫನ್‌ಹೋಫನ್‌ನಲ್ಲಿ, ಆ ದೇಶದ ಬಾಹ್ಯಾಕಾಶ ಸಂಸ್ಥೆ ಡಿಎಲ್ಆರ್‌ಗೆ ಸೇರಿದ ಪ್ರಯೋಗಾಲಯವಿದೆ. ಅಂತರಿಕ್ಷದಲ್ಲಿ ಎರಡು ನೌಕೆಗಳು ಜೋಡಣೆಯಾಗುವ ಕ್ರಿಯೆಯನ್ನು ಅಲ್ಲಿ ನೆಲದ ಮೇಲೆಯೇ ಪರೀಕ್ಷಿಸುತ್ತಾರೆ. ಕಾರ್ಖಾನೆಗಳಲ್ಲಿರುವಂತಹ ಎರಡು ರೋಬೋಟ್ ತೋಳುಗಳೇ ನೌಕೆಗಳ ಪಾತ್ರಧಾರಿಗಳು. ಒಂದು ನಿಂತಲ್ಲೇ ಇದ್ದರೆ, ಇನ್ನೊಂದು 25 ಮೀಟರ್ ಹಳಿಯ ಮೇಲೆ ಸರಿಯುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ನೌಕೆಗಳು ಹೇಗೆ ಚಲಿಸುತ್ತಿದ್ದವೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ತೋಳುಗಳು ಹಾಗೆಯೇ ಚಲಿಸುತ್ತವೆ. ಆದರೆ ಆಜ್ಞೆಗೂ ಚಲನೆಗೂ ನಡುವೆ ಸೆಕೆಂಡಿನ ಅತ್ಯಲ್ಪ ಭಾಗದಷ್ಟು ವಿಳಂಬವಿರುತ್ತದೆ. ದೂರದಲ್ಲಿರುವಾಗ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಒಂದಕ್ಕೊಂದು ತಾಗಿದಾಗ ಮಾತ್ರ, ಬಂದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಚಿಮ್ಮಬಹುದು!

"ಶಕ್ತಿಯನ್ನು ಸೃಷ್ಟಿಸಲಾಗದು" ಎಂದು ನಾನು ತಡೆದೆ. ನನ್ನ ತರಗತಿಯಲ್ಲಿ ಕುಳಿತವರಿಗೆ ಈ ಸಾಲು ನೆನಪಿರಬೇಕು. "ಆ ಹೆಚ್ಚುವರಿ ಶಕ್ತಿ ರೋಬೋಟಿನ ಮೋಟಾರಿನದು ಸಾರ್. ಅದನ್ನು ನೌಕೆಯದೆಂದು ನಂಬಿದರೆ, ಸರಿಯಾದ ಕೊಂಡಿಯನ್ನೂ ಕೆಟ್ಟದ್ದೆಂದು ತಿರಸ್ಕರಿಸಿಬಿಡುತ್ತೇವೆ" ಎಂದಳು. ಆ ವಿಳಂಬವನ್ನು ಅಳೆದು, ಲೆಕ್ಕದಲ್ಲಿಯೇ ಸರಿದೂಗಿಸುವುದು ಅವಳ ಪಾಲಿನ ಕೆಲಸವಾಗಿತ್ತು.

ಅವಳ ತಂದೆಗೆ ಇದನ್ನು ತಿಳಿಸಲು ನಮ್ಮ ಇಸ್ರೋದ ಸ್ಪೇಡೆಕ್ಸ್ ನೆರವಾಯಿತು. 2025ರ ಜನವರಿ 16ರಂದು, ಸುಮಾರು 220 ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಜೋಡಣೆಯಾದವು. ಗಂಟೆಗೆ 27,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದ್ದರೂ, ಒಂದನ್ನೊಂದು ಮುಟ್ಟಬೇಕಾದದ್ದು ಇರುವೆಯ ನಡಿಗೆಯಲ್ಲಿ. ಅದಕ್ಕೂ ನಾಲ್ಕು ದಿನ ಮೊದಲು 3 ಮೀಟರ್ ಅಂತರಕ್ಕೆ ತಂದು, ಮತ್ತೆ ಹಿಂದಕ್ಕೆ ಸರಿಸಿದ್ದರು. ಅಂತಹ ಎಚ್ಚರವನ್ನು ಮೊದಲು ನೆಲದ ಮೇಲೆಯೇ ಕಲಿಯಬೇಕಲ್ಲವೇ?

ಅವರು ಬಹಳ ಹೊತ್ತು ಸುಮ್ಮನಿದ್ದರು. "ಇದನ್ನೆಲ್ಲ ನನಗೇಕೆ ಹೇಳಲಿಲ್ಲ ಅವಳು?" ಎಂದರು. ನೀವು ಸಂಬಳವೊಂದನ್ನೇ ಕೇಳಿದಿರಿ ಎಂದೆ; ಮಾತು ತುಸು ಒರಟಾಯಿತೇನೋ, ಆದರೂ ಆಡಬೇಕಾದ ಮಾತೇ. ಸಾಫ್ಟ್‌ವೇರ್ ಕಂಪನಿಗೆ ಉತ್ತರ ಕೊಡಲು ತಿಂಗಳ ಕೊನೆಯವರೆಗೆ ಸಮಯವಿದೆ. ಭಾನುವಾರ ಮಗಳನ್ನೂ ಕರೆದುಕೊಂಡು ಬರುವುದಾಗಿ ಹೇಳಿ ಹೊರಟರು.