ಹೆಸರಿಲ್ಲದ ಪಾತ್ರೆಗಳ ಬೀದಿ

ಮಕ್ಕಳೇ, ತಮಿಳುನಾಡಿನ ಕಾರೈಕುಡಿಯಲ್ಲಿ ಮುನೀಶ್ವರನ್ ಕೋಯಿಲ್ ಬೀದಿ ಇದೆ. ಅಲ್ಲಿ ಸಾಲಾಗಿ ಹಳೆಯ ಸಾಮಾನಿನ ಅಂಗಡಿಗಳು. ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಹಿತ್ತಾಳೆ ಹಂಡೆ, ತೇಗದ ಪೆಟ್ಟಿಗೆ, ದೇವರ ಪಟ, ಎನಾಮಲ್ ಡಬ್ಬಿ, ಏನುಂಟು ಏನಿಲ್ಲ!

ಈ ಸಾಮಾನೆಲ್ಲ ಹೆಚ್ಚಾಗಿ ಸುತ್ತಲಿನ ಚೆಟ್ಟಿನಾಡಿನ ಮನೆಗಳದ್ದು. ಅಲ್ಲಿನ ಚೆಟ್ಟಿಯಾರರು ಬರ್ಮಾ, ಮಲಯ, ಸಿಲೋನ್‌ಗಳಲ್ಲಿ ಲೇವಾದೇವಿ ನಡೆಸಿ, ಬರ್ಮಾ ತೇಗದ ಕಂಬ ನಿಲ್ಲಿಸಿ ಅರಮನೆಯಂಥ ಮನೆ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ವ್ಯವಹಾರ ಮುಳುಗಿತು. ಮಕ್ಕಳು ದೂರದ ಊರು ಸೇರಿದರು. ಮನೆ ಪಾಲಾದಾಗ ಸಾಮಾನು ಅಂಗಡಿಗೆ ಬಂತು. ಅಂಗಡಿಯವರು ಕೊಳ್ಳದಿದ್ದರೆ ಎಷ್ಟೋ ಪಾತ್ರೆಗಳು ಕರಗಿಹೋಗುತ್ತಿದ್ದವು.

ಆದರೆ ಎಲ್ಲವನ್ನೂ ಮನಬಂದಂತೆ ಮಾರುವಂತಿಲ್ಲ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯಗಳಂಥವು ಪುರಾತನ ವಸ್ತುಗಳು. ಹಸ್ತಪ್ರತಿಗಾದರೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಒಂದು ಚೊಂಬಿನ ಕತ್ತಿನ ಮೇಲೆ ಎರಡು ಅಕ್ಷರ ಕೊರೆದಿತ್ತು. "ಇದು ಯಾರದ್ದು?" ಎಂದಳು ಮೊಮ್ಮಗಳು. ಅಂಗಡಿಯ ಹಿರಿಯರು ನಕ್ಕರು: "ಹೆಸರು ಗೊತ್ತಿಲ್ಲ ಕಂದಾ, ತೂಕ ಗೊತ್ತು."

ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಮುದುಕನಾದ ನನಗೂ ಆ ಮಾತು ನಾಟಿತು. ನಮ್ಮ ಅಟ್ಟದ ಮೇಲೂ ಹೆಸರು ಕೊರೆದ ಮದುವೆಯ ಪಾತ್ರೆಗಳಿವೆಯಲ್ಲ! ಈ ಭಾನುವಾರ ಒಂದನ್ನು ಕೆಳಗಿಳಿಸಿ. ಯಾರು ಕೊಟ್ಟರು, ಯಾವ ಊರು, ಯಾವ ವರ್ಷ ಎಂದು ಅಜ್ಜಿಯನ್ನು ಕೇಳಿ, ಚೀಟಿ ಬರೆದು ಅದರೊಳಗಿಡಿ. ಕಾಫಿ ಕುಡಿದ ಮೇಲೆ ಕೇಳಿದರೆ ಅಜ್ಜಿ ಇನ್ನೂ ನಾಲ್ಕು ಮಾತು ಹೆಚ್ಚು ಹೇಳುತ್ತಾರೆ.